ಹತ್ತು ದಿನ ಬಾಯಿಗೆ ಬೀಗ...

"ಹತ್ತು ದಿನ ಮಾತಾಡಬಾರದಂತೆ" ಅಂದಾಗ ಅಮ್ಮ ನಕ್ಕುಬಿಟ್ಟಳು. "ಮನೇಲಿ ನೀನು ಮಾತಾಡೋದೇ ಅಷ್ಟರಲ್ಲಿದೆ, ಅದಕ್ಕೆ ಅಲ್ಲೀತನಕ ಯಾಕೆ ಹೋಗ್ಬೇಕು?" ನಂಗೂ ಮೌನದ ಹೆದರಿಕೆ ಇರಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಏಳೋದರ ಹೆದರಿಕೆ ಮಾತ್ರ!

ನಾನು ಹೋಗಿದ್ದು ಬೆಂಗಳೂರಿನ ಹೊರಗೆ ಆಲೂರಿನಲ್ಲಿರುವ 'ಧಮ್ಮ ಪಫುಲ್ಲ' ಎಂಬ ವಿಪಸ್ಸನ ಕೇಂದ್ರಕ್ಕೆ. ಬರ್ಮಾದಲ್ಲಿ ಹುಟ್ಟಿ, ಅಲ್ಲಿನ ಸಯಾಜಿ ಊ ಬಾ ಖಿನ್ ಅವರಿಂದ ಕಲಿತು, 1969ರಲ್ಲಿ ಭಾರತಕ್ಕೆ ಬಂದು ಕಲಿಸತೊಡಗಿದ ಎಸ್. ಎನ್. ಗೋಯೆಂಕಾ ಅವರ ಪದ್ಧತಿ. ಅವರು 2013ರಲ್ಲಿ ತೀರಿಕೊಂಡರು, ಆದರೆ ರೆಕಾರ್ಡಿಂಗ್‌ನಲ್ಲಿ ಇವತ್ತಿಗೂ ಅವರದೇ ದನಿ. ಫೀಸು ಇಲ್ಲ, ಮುಗಿದ ಮೇಲೆ ಮನಸ್ಸಾದರೆ ದಾನ ಕೊಡಬಹುದು. ಮೊಬೈಲು, ಪುಸ್ತಕ, ಪೆನ್ನು ಯಾವುದೂ ಇಟ್ಟುಕೊಳ್ಳುವಂತಿಲ್ಲ. ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು.

ಮೊದಲ ಮೂರು ದಿನ ಬರೀ ಉಸಿರು ನೋಡೋದು. ಇಷ್ಟೇನಾ ಅಂದುಕೊಂಡೆ. ಬಾಯಿ ಮುಚ್ಚಿದ ಮೇಲೆ ಗೊತ್ತಾಯ್ತು, ತಲೆಯೊಳಗೆ ಸಂತೆ ನಡೀತಿದೆ! ಹೈಸ್ಕೂಲಿನ ಜಗಳ, ಯಾವುದೋ ಹಳೇ ಬಗ್, ಪೂರ್ತಿ ನೆನಪಾಗದ ಒಂದು ಸಿನಿಮಾ ಹಾಡು... ನಾಲ್ಕನೇ ದಿನ ವಿಪಸ್ಸನ ಶುರು. ಮೈಯಲ್ಲಿ ಆಗೋ ನೋವು, ನವೆ, ಜುಮ್ಮೆನ್ನೋದು ಎಲ್ಲವನ್ನೂ ಸುಮ್ಮನೆ ಗಮನಿಸಬೇಕು. ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಕೈಕಾಲು ಅಲ್ಲಾಡಿಸದೆ ಕೂರೋದು 'ಅಧಿಷ್ಠಾನ'. ನನ್ನ ಮಂಡಿ ಅವತ್ತು ನನ್ನ ಮೇಲೆ ಹಳೇ ಸೇಡು ತೀರಿಸಿಕೊಂಡಿತು.

ಆರನೇ ದಿನ, ಪಕ್ಕದಲ್ಲಿ ಕೂರುತ್ತಿದ್ದ ಐವತ್ತರ ಆಸುಪಾಸಿನವರೊಬ್ಬರು ಅಳತೊಡಗಿದರು. ಸಣ್ಣಗಲ್ಲ, ಬಿಕ್ಕಿ ಬಿಕ್ಕಿ. ಭುಜದ ಮೇಲೆ ಕೈ ಇಡೋಣ ಅನ್ನಿಸ್ತು. ಆದರೆ ಅಲ್ಲಿ ಮಾತಷ್ಟೇ ಅಲ್ಲ, ಸನ್ನೆ ಮಾಡೋದು, ಮುಟ್ಟೋದೂ ನಿಷಿದ್ಧ. ಯಾರೂ ಅಲುಗಲಿಲ್ಲ. ಇದೆಂಥಾ ಕಲ್ಲು ಮನಸ್ಸಿನ ನಿಯಮ ಅಂತ ಕೋಪ ಬಂತು. ಆ ಗಂಟೆ ನಾನು ನೋಡಿದ್ದು ಉಸಿರನ್ನಲ್ಲ, ಮೈಯನ್ನಲ್ಲ, ಆ ಕೋಪವನ್ನೇ.

ಹತ್ತನೇ ದಿನ ಬೆಳಿಗ್ಗೆ ಮೌನ ಮುಗೀತು. ಅವರನ್ನೇ ಹುಡುಕಿಕೊಂಡು ಹೋಗಿ, "ಸಾರ್, ಅವತ್ತು..." ಅಂತ ತಡವರಿಸಿದೆ. "ಹೆಂಡ್ತಿ ಹೋಗಿ ಎರಡು ವರ್ಷ ಆಯ್ತಪ್ಪ" ಅಂದರು. "ಕಣ್ಣಲ್ಲಿ ನೀರು ಬಂದ್ರೆ ಸಾಕು, ಯಾರಾದ್ರೂ ಬೆನ್ನು ತಟ್ಟಿ ನಿಲ್ಲಿಸಿಬಿಡೋರು. ಇಲ್ಲಿ ಪೂರ್ತಿ ಅತ್ತೆ."

ಏನು ಹೇಳಬೇಕೋ ತಿಳಿಯಲಿಲ್ಲ. ಬೇರೆಯವರ ಅಳು ನೋಡಲಾಗದೆ ನಾವು ಎಷ್ಟು ಸಲ "ಸಮಾಧಾನ ಮಾಡ್ಕೊಳ್ಳಿ" ಅಂತೀವೋ... ಅದು ಅವರಿಗೋಸ್ಕರವೋ, ನಮಗೋಸ್ಕರವೋ ಅಂತ ಇನ್ನೂ ಯೋಚಿಸ್ತಿದೀನಿ.

ಹೋಗುವ ಮನಸ್ಸಿದ್ದರೆ ಒಂದು ಮಾತು. ತೀವ್ರ ಮಾನಸಿಕ ತೊಂದರೆ ಇರುವವರಿಗೆ ಈ ಶಿಬಿರ ಬೇಡ ಅಂತ ಅವರೇ ಹೇಳ್ತಾರೆ, ಅರ್ಜಿಯಲ್ಲಿ ಏನೂ ಮುಚ್ಚಿಡಬೇಡಿ. ಇನ್ನು ಸಂಜೆ ಐದಕ್ಕೆ ಹೊಸಬರಿಗೆ ಹಣ್ಣು, ಟೀ ಉಂಟು. ಎರಡನೇ ಸಲ ಹೋದರೆ 'ಹಳೇ ವಿದ್ಯಾರ್ಥಿ' ಅಂತ ಬಡ್ತಿ ಸಿಗುತ್ತೆ, ಆಗ ಬರೀ ನಿಂಬೆ ನೀರು!