ಶೇಣಿಯವರಿಗೆ ನೆಗಡಿ ಹಿಡಿಸಿದ್ದು

ಕರಾವಳಿಯ ಮಳೆಗಾಲಗಳಿಂದ ಆಗದ ಕೆಲಸವನ್ನು ನಾನು ಒಂದೇ ರಜೆಯಲ್ಲಿ ಮಾಡಿ ಮುಗಿಸಿದೆ. ದೊಡ್ಡಪ್ಪ 1980ರ ದಶಕದಲ್ಲಿ ಊರೂರು ಸುತ್ತಿ ರೆಕಾರ್ಡು ಮಾಡಿಕೊಂಡಿದ್ದ ತಾಳಮದ್ದಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕಿಕೊಡುತ್ತೇನೆಂದು ತಂದು, ಹಾಕಿ, ಕೆಡಿಸಿ, ಮೂಲವನ್ನು ಗುಜರಿಗೆ ಕೊಟ್ಟೆ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹೇಳುತ್ತಾರೆ, ಕುಳಿತ ಅರ್ಥಧಾರಿಗಳು ಅದಕ್ಕೆ ಅಲ್ಲೇ ಮಾತು ಕಟ್ಟುತ್ತಾರೆ. ಪದ್ಯ ಪುಸ್ತಕದಲ್ಲಿರುತ್ತದೆ, ಅರ್ಥ ಎಲ್ಲೂ ಬರೆದಿಟ್ಟಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ಇವತ್ತು ರಾಮನನ್ನು ಕೇಳಿದ್ದನ್ನೇ ನಾಳೆ ಇನ್ನೊಂದೂರಲ್ಲಿ ಅದೇ ಮಾತಿನಲ್ಲಿ ಕೇಳಬೇಕೆಂದಿಲ್ಲ. ಅದಕ್ಕೇ ಮುಂದಿನ ಸಾಲಿನಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಬೆಳಗಿನವರೆಗೆ ಕೂರುವವರು ಕಾಸರಗೋಡಿನಿಂದ ಉಡುಪಿಯವರೆಗೆ ಇದ್ದರು. ದೊಡ್ಡಪ್ಪ ಅವರಲ್ಲೊಬ್ಬರು. ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದು.

ಪೇಟೆಯಲ್ಲಿ ಹಳೆಯ ಸ್ಟೀರಿಯೋ ಡೆಕ್ ಒಂದನ್ನು ಕೊಂಡೆ. ಮೊದಲ ಕ್ಯಾಸೆಟ್ ಹಾಕಿದಾಗ ಧ್ವನಿ ಕಂಬಳಿಯೊಳಗಿಂದ ಬಂದಂತೆ ಮಂಕಾಗಿತ್ತು. ಟೇಪು ಮುದಿಯಾಗಿದೆ, ಫಂಗಸ್ ತಿಂದಿದೆ ಎಂದು ನಾನೇ ತೀರ್ಪು ಕೊಟ್ಟೆ. ಅದು ಸುಳ್ಳೆಂದು ಬಹಳ ತಡವಾಗಿ ರೇಡಿಯೋ ರಿಪೇರಿಯವರೊಬ್ಬರಿಂದ ತಿಳಿಯಿತು. ಟೇಪು ಹೆಡ್ಡಿನ ಮುಂದೆ ಸೆಕೆಂಡಿಗೆ 4.76 ಸೆಂಟಿಮೀಟರ್‌ನಂತೆ ಸರಿಯುತ್ತದೆ. ಹೆಡ್ಡಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳೊಂದಿದೆ. ರೆಕಾರ್ಡ್ ಮಾಡುವಾಗ ಅದು ಯಾವ ಕೋನದಲ್ಲಿತ್ತೋ ಕೇಳಿಸುವಾಗಲೂ ಅದೇ ಕೋನದಲ್ಲಿರಬೇಕು. ಕೂದಲೆಳೆಯಷ್ಟು ಓರೆಯಾದರೂ ತಾಳದ ಕಿಣಿಕಿಣಿ, ಚೆಂಡೆಯ ಪೆಟ್ಟಿನ ಮೊನೆ, ಮಾತಿನ ಸ-ಶಕಾರಗಳು ಮೊದಲು ಮಾಯವಾಗುತ್ತವೆ. ದೊಡ್ಡಪ್ಪನ ರೆಕಾರ್ಡರಿನ ಹೆಡ್ಡು ಸ್ವಲ್ಪ ಓರೆ ಇದ್ದಿರಬೇಕು. ಆ ಕ್ಯಾಸೆಟ್‌ಗಳು ಆ ಪೆಟ್ಟಿಗೆಯಲ್ಲಿ ಸರಿಯಾಗಿಯೇ ಹಾಡುತ್ತಿದ್ದವು. ನನ್ನ ಡೆಕ್ಕಿನ ಹೆಡ್ಡಿನ ಪಕ್ಕ ಸ್ಪ್ರಿಂಗ್ ಹಾಕಿದ ಪುಟ್ಟ ಸ್ಕ್ರೂ ಇತ್ತು. ವಾಚು ರಿಪೇರಿಯ ಸ್ಕ್ರೂಡ್ರೈವರಿನಲ್ಲಿ ಅದನ್ನು ಕಾಲು ಸುತ್ತು ಆಚೀಚೆ ತಿರುಗಿಸಿ ಕೇಳಿದ್ದರೆ ಸಾಕಿತ್ತು.

ಅದರ ಬದಲು ಸಾಫ್ಟ್‌ವೇರ್ ತೆರೆದೆ. ಮಂಕಾದದ್ದಕ್ಕೆ ಟ್ರೆಬಲ್ ಏರಿಸಿದೆ. ಅದರ ಜೊತೆ ಟೇಪಿನ ಸುಯ್ಯೆನ್ನುವ ಸದ್ದೂ ಏರಿತು. ಆ ಸದ್ದಿನ ಸ್ಯಾಂಪಲ್ ಕೊಟ್ಟು ನಾಯ್ಸ್ ರಿಡಕ್ಷನ್ ಓಡಿಸಿದೆ. ಟೇಪಿನ ಸುಯ್ಲೂ ಮಾತಿನ ಸಕಾರವೂ ಹೆಚ್ಚುಕಡಿಮೆ ಒಂದೇ ಮೇಲಿನ ಸ್ಥಾಯಿಯಲ್ಲಿರುತ್ತವೆ. ಒಂದನ್ನು ಗುಡಿಸಿದರೆ ಇನ್ನೊಂದೂ ಹೋಗುತ್ತದೆ. ಹೆಡ್‌ಫೋನಿನಲ್ಲಿ ಹಿಂದಿನ ಸದ್ದೆಲ್ಲ ಅಡಗಿದ್ದು ಕೇಳಿ ನಾನು ಹಿಗ್ಗಿ ಹೀರೇಕಾಯಿಯಾದೆ. ದೊಡ್ಡಪ್ಪನಿಗೆ ಕೇಳಿಸಿದೆ. ಸ್ವಲ್ಪ ಹೊತ್ತು ಕೇಳಿದವರು, "ಇದು ಶೇಣಿಯವರಾ? ಅವತ್ತು ಅವರಿಗೆ ನೆಗಡಿ ಇರ್ಲಿಲ್ಲ ಮಾರಾಯ" ಅಂದರು.

ಅದಕ್ಕಿಂತ ದೊಡ್ಡ ಅನಾಹುತ ಇನ್ನೊಂದು ಬಟನ್ನಿನಿಂದಾಯಿತು. ಫೈಲು ಚಿಕ್ಕದಾಗಲಿ ಎಂದು ಮೌನವನ್ನು ತಾನಾಗಿ ಕತ್ತರಿಸುವ ಆಯ್ಕೆಯನ್ನು ಒತ್ತಿದ್ದೆ. ಅರ್ಥಗಾರಿಕೆಯಲ್ಲಿ ಎದುರಾಳಿ ಮಾತು ಮುಗಿಸಿದ ಮೇಲೆ ಉತ್ತರಿಸುವವರು ಸ್ವಲ್ಪ ಸುಮ್ಮನಿರುತ್ತಾರಲ್ಲ, ಸಭೆಗೆ ಅಷ್ಟರಲ್ಲೇ ಗೊತ್ತಾಗುತ್ತದೆ ಏನೋ ಬರಲಿಕ್ಕಿದೆ ಎಂದು. ನನ್ನ ಫೈಲಿನಲ್ಲಿ ಪ್ರಶ್ನೆಯ ಬಾಲಕ್ಕೇ ಉತ್ತರ ಅಂಟಿಕೊಂಡಿತ್ತು. ಬಾಯಿಪಾಠದ ಇಬ್ಬರು ಹುಡುಗರು ಗಂಟೆ ಹೊಡೆಯುವುದರೊಳಗೆ ಮುಗಿಸುವ ಹಾಗೆ. "ಇಲ್ಲಿ ಅವರು ಸುಮ್ಮನೆ ಕೂತಿದ್ದರು. ಅದನ್ನು ಎಲ್ಲಿ ಹಾಕಿದೆ?" ಎಂದು ದೊಡ್ಡಪ್ಪ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಮೂಲದ ವೇವ್ ಫೈಲನ್ನಾದರೂ ಇಟ್ಟುಕೊಂಡಿದ್ದೆನೇ? ಸಿಡಿ ಗುಣಮಟ್ಟದಲ್ಲಿ ಅದು ನಿಮಿಷಕ್ಕೆ ಸುಮಾರು 10 ಎಂಬಿ. 90 ನಿಮಿಷದ ಒಂದು ಕ್ಯಾಸೆಟ್ಟಿಗೆ ಹತ್ತಿರ ಹತ್ತಿರ ಒಂದು ಜಿಬಿ. 64 ಕೆಬಿಪಿಎಸ್ ಎಂಪಿ3 ಮಾಡಿದರೆ 43 ಎಂಬಿಯಲ್ಲಿ ಮುಗಿಯುತ್ತದೆ. ಮಾತೇ ತಾನೇ, ಸಾಕು ಎಂದು ವೇವ್‌ಗಳನ್ನು ಅಳಿಸಿದೆ. ಮನೆ ಬಣ್ಣ ಬಳಿಸುವ ಗಡಿಬಿಡಿಯಲ್ಲಿ ಕ್ಯಾಸೆಟ್‌ಗಳ ರಟ್ಟಿನ ಪೆಟ್ಟಿಗೆ ಗುಜರಿಯವನ ಗಾಡಿ ಹತ್ತಿತು. ಜೊತೆಗೆ ದೊಡ್ಡಪ್ಪನ ರೆಕಾರ್ಡರೂ ಹೋಯಿತು. ಅದೇ ಓರೆಯ ಹೆಡ್ಡಿದ್ದ ಏಕೈಕ ಪೆಟ್ಟಿಗೆ ಅದೆಂದು ಆಗ ತಿಳಿದಿರಲಿಲ್ಲ.

ಉಳಿದ ಎಂಪಿ3ಗಳಲ್ಲೂ ಒಂದು ಗೂಢವಿತ್ತು. ರಾತ್ರಿ ಸರಿದಂತೆ ಭಾಗವತರ ಸ್ವರ ಏರುತ್ತಿತ್ತು, ಮಾತೂ ಚುರುಕಾಗುತ್ತಿತ್ತು. ರಂಗ ಕಾವೇರಿದೆ ಎಂದುಕೊಂಡಿದ್ದೆ. ಮದ್ದಳೆ ಬಾರಿಸುತ್ತಿದ್ದ ಹಿರಿಯರೊಬ್ಬರು ಕೇಳಿ ನಕ್ಕರು: "ಭಾಗವತರು ಏರಿಸಿಯಾರು, ಶ್ರುತಿಪೆಟ್ಟಿಗೆ ತಾನಾಗಿ ಏರ್ತದಾ?" ಆಗ ಹೊಳೆಯಿತು. ಕರೆಂಟಿಲ್ಲದ ಕಡೆ ದೊಡ್ಡಪ್ಪ ಬ್ಯಾಟರಿಯಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಬ್ಯಾಟರಿ ಸೋತಂತೆ ಮೋಟಾರು ನಿಧಾನವಾಗಿ, ಟೇಪು ಮೆಲ್ಲಗೆ ಸರಿದಿದೆ. ಅದನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಎಲ್ಲವೂ ಮೇಲೇರುತ್ತದೆ. ಇದೊಂದನ್ನು ಮಾತ್ರ ಸರಿಪಡಿಸಲು ಬಂತು. ಹಿಂದೆ ಮೊರೆಯುವ ಶ್ರುತಿಯನ್ನೇ ಅಳತೆಗೋಲು ಮಾಡಿ ತುಂಡುತುಂಡಾಗಿ ವೇಗ ಇಳಿಸಿದೆ. ನಾಯ್ಸ್ ರಿಡಕ್ಷನ್ ಶ್ರುತಿಯನ್ನೂ ಅಲ್ಲಲ್ಲಿ ನುಂಗಿತ್ತು, ಅಲ್ಲೆಲ್ಲ ಅಂದಾಜು.

ನನ್ನ ಪುಣ್ಯಕ್ಕೆ ಈ ಹುಚ್ಚಿನವರು ಒಬ್ಬರಿಂದೊಬ್ಬರು ಕಾಪಿ ಮಾಡಿಕೊಳ್ಳುತ್ತಿದ್ದರು. ಪುತ್ತೂರಿನ ಕಡೆಯ ಮನೆಯೊಂದರಲ್ಲಿ ದೊಡ್ಡಪ್ಪನ ಕ್ಯಾಸೆಟ್ಟುಗಳ ಕಾಪಿಗಳು ಕೆಲವು ಸಿಕ್ಕಿದವು. ಕಾಪಿಯಾದ್ದರಿಂದ ಸುಯ್ಲು ಇನ್ನೂ ಜಾಸ್ತಿ. ಈ ಸಲ ಅದನ್ನು ಮುಟ್ಟಲಿಲ್ಲ. ಪ್ರತಿ ಕ್ಯಾಸೆಟ್ಟನ್ನೂ ಒಮ್ಮೆ ಕೊನೆಯವರೆಗೆ ಓಡಿಸಿ ಸಡಿಲಿಸಿದೆ, ಸ್ಪಿರಿಟ್ಟಿನಲ್ಲಿ ಹೆಡ್ಡು ಒರೆಸಿದೆ, ತಾಳ ಅತಿ ಸ್ಪಷ್ಟವಾಗಿ ಕೇಳುವಲ್ಲಿಗೆ ಸ್ಕ್ರೂ ತಿರುಗಿಸಿದೆ. ಲ್ಯಾಪ್‌ಟಾಪಿನ ಮೈಕ್ ಕಿಂಡಿಯ ಬದಲು ಲೈನ್-ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡಿಗೆ ಡೆಕ್ಕಿನ ಲೈನ್-ಔಟ್ ಕೊಟ್ಟೆ. ಬಂದ ವೇವ್ ಎರಡು ಡಿಸ್ಕುಗಳಲ್ಲಿದೆ. ದೊಡ್ಡಪ್ಪನ ಮೊಬೈಲಿಗೆ ಹಾಕಿದ್ದು ಮಾತ್ರ ಎಂಪಿ3. ಅವರು ಕೇಳುತ್ತಾ, ಹಿಂದೆ ಯಾರೋ ಕೆಮ್ಮಿದ್ದನ್ನು ಗುರುತು ಹಿಡಿದು ಹೆಸರು ಹೇಳಿದರು.

ಪುತ್ತೂರಿನ ಆ ಮನೆಯ ಅಕ್ಕ ಕ್ಯಾಸೆಟ್ಟುಗಳನ್ನು ಚೀಲಕ್ಕೆ ತುಂಬಿ ಕೊಡುವಾಗ ಚೀಲದ ಬಾಯಿ ಬಿಡದೆ ಕೇಳಿದ್ದರು: "ವಾಪಸು ಕೊಡ್ತೀರಲ್ಲ? ಗುಜರಿಗೆಲ್ಲ ಹಾಕ್ಲಿಕ್ಕಿಲ್ಲ." ಸುದ್ದಿಯನ್ನು ಅಲ್ಲಿಯವರೆಗೆ ತಲುಪಿಸಿದ್ದು ಯಾರೆಂದು ನಾನು ವಿಚಾರಿಸಲು ಹೋಗಲಿಲ್ಲ.