‘ಮಾಡ್ಕೊಂತ ಬಂದೀನಿ’ ಅಂದ್ರೆ ಇಂಗ್ಲಿಷಿನಲ್ಲಿ ಏನು?

‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಥ್ರೀ ಇಯರ್ಸ್.’ ಈ ವಾಕ್ಯವನ್ನು ನಿಮ್ಮ ಆಫೀಸಿನಲ್ಲಿ ಎಷ್ಟು ಸಲ ಕೇಳಿದ್ದೀರಿ? ನಾನಂತೂ ಬೆಂಗಳೂರಿಗೆ ಬಂದಾಗಿನಿಂದ ಕೇಳುತ್ತಲೇ ಬಂದಿದ್ದೇನೆ. ಹೇಳುವವರಿಗೂ ಕಷ್ಟವಿಲ್ಲ, ಕೇಳುವವರಿಗೂ ಅರ್ಥ ಆಗಿಬಿಡುತ್ತೆ. ಕಷ್ಟ ಶುರುವಾಗುವುದು ಕೇಳುವವರ ಕೈಯಲ್ಲಿ ನಮಗೆ ಬೇಕಾದ ಕೆಲಸ ಇದ್ದಾಗ.

ನನ್ನ ಚಿಗವ್ವನ ಮಗಳು ರಾಣೆಬೆನ್ನೂರಿನಲ್ಲಿ ಬೀಜದ ಲ್ಯಾಬ್ ಒಂದರಲ್ಲಿ ಕೆಲಸ ಮಾಡುತ್ತಾಳೆ. ರಾಣೆಬೆನ್ನೂರು ಅಂದ್ರೆ ಬೀಜದ ಊರು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಒದ್ದೆ ಪೇಪರಿನಲ್ಲಿ ಬೀಜ ಸುತ್ತಿಟ್ಟು, ಎಷ್ಟು ಮೊಳೆತವು, ಎಷ್ಟು ಕೊಳೆತವು ಅಂತ ಎಣಿಸಿ ವರದಿ ಬರೆಯುವುದು ಅವಳ ಕೆಲಸ. ಮೂರು ವರ್ಷ ಆಯ್ತು. ಕಳೆದ ವರ್ಷ ಬೇರೆ ಊರಿನ ಕಂಪನಿಯೊಂದು ಫೋನಿನಲ್ಲೇ ಇಂಟರ್‌ವ್ಯೂ ಮಾಡಿತು. ಇವಳು ಶುರುವಿಗೆ, ‘ಐ ವರ್ಕ್ಡ್ ಇನ್ ಸೀಡ್ ಲ್ಯಾಬ್ ಫಾರ್ ಥ್ರೀ ಇಯರ್ಸ್’ ಅಂದಳು. ಆ ಕಡೆಯವರು, ‘ಯಾಕೆ ಬಿಟ್ಟಿರಿ?’ ಅಂದರು. ‘ನೋ ಸರ್, ಐ ಆ್ಯಮ್ ವರ್ಕಿಂಗ್ ಸಿನ್ಸ್ ಥ್ರೀ ಇಯರ್ಸ್’ ಅಂದಳು. ‘ಹಾಗಾದರೆ ಕೆಲಸದಲ್ಲಿ ಇದ್ದೀರೋ, ಇಲ್ಲವೋ?’ ಅಂತ ಇನ್ನೊಂದು ಪ್ರಶ್ನೆ ಬಂತು. ಆಮೇಲೆ ಗಾಬರಿಯಲ್ಲಿ ಏನು ಹೇಳಿದಳೋ ಅವಳಿಗೇ ನೆನಪಿಲ್ಲ. ಎರಡು ದಿನ ಬಿಟ್ಟು, ನೀವು ಕೊಟ್ಟ ವಿವರ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಅಂತ ಮೇಲ್ ಬಂತು.

ಅವತ್ತು ರಾತ್ರಿ ಫೋನ್ ಮಾಡಿದಳು. ಕೆಲಸ ಹೋಯ್ತು ಅಂತ ಅಳಲಿಲ್ಲ. ‘ಅಕ್ಕಾ, ನಾ ಸುಳ್ಳು ಹೇಳೀನಿ ಅಂತ ತಿಳಕೊಂಡ್ರು’ ಅಂತ ಅತ್ತಳು.

ಅವಳು ಹೇಳಿದ ಎರಡೂ ವಾಕ್ಯ ಇಂಗ್ಲಿಷಿನ ಕಿವಿಗೆ ಬೇರೆ ಬೇರೆ ಕಥೆ ಹೇಳುತ್ತವೆ. ‘ವರ್ಕ್ಡ್’ ಅಂದರೆ ಆ ಕೆಲಸ ಮುಗಿಯಿತು, ಬಾಗಿಲು ಹಾಕಿಯಾಯಿತು. ‘ಆ್ಯಮ್ ವರ್ಕಿಂಗ್’ ಅಂದರೆ ಈಗ ಮಾಡುತ್ತಿದ್ದೇನೆ, ಹಿಂದಿನದು ಗೊತ್ತಿಲ್ಲ. ಹಿಂದೆ ಶುರುವಾಗಿ ಇಂದಿಗೂ ನಡೆದಿದೆ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಮೂರನೆಯದೇ ಒಂದು ಅಚ್ಚು ಇದೆ: ‘ಐ ಹ್ಯಾವ್ ಬೀನ್ ವರ್ಕಿಂಗ್.’ ಅದು ಬಾಯಿಗೆ ಬರದಿದ್ದರೆ ಮೂರು ವರ್ಷದ ಕೆಲಸ ಒಂದೋ ಮುಗಿದುಹೋಗುತ್ತದೆ, ಇಲ್ಲವೇ ಇವತ್ತು ಶುರುವಾಗುತ್ತದೆ.

ನಮಗೆ ಇದು ಯಾಕೆ ತಪ್ಪುತ್ತೆ ಅಂದರೆ, ಕನ್ನಡದಲ್ಲಿ ‘ಇಂದ’ ಅನ್ನುವ ಒಂದೇ ಪ್ರತ್ಯಯ ಎಲ್ಲ ಭಾರ ಹೊರುತ್ತದೆ. ‘ಮೂರು ವರ್ಷದಿಂದ ಮಾಡ್ತಿದೀನಿ’ ಅಂದಾಗ ಹಿಂದಿನದು ‘ಇಂದ’ದೊಳಗೆ ಬಂದುಬಿಟ್ಟಿತು, ಕ್ರಿಯಾಪದ ವರ್ತಮಾನದಲ್ಲೇ ಆರಾಮಾಗಿ ಕೂತಿರುತ್ತದೆ. ಅದನ್ನೇ ಇಂಗ್ಲಿಷಿಗೆ ಹೊತ್ತೊಯ್ಯುತ್ತೇವೆ. ಇದೇನು ದಡ್ಡತನ ಅಲ್ಲ. ಜರ್ಮನ್, ಫ್ರೆಂಚ್ ಭಾಷೆಯಲ್ಲೂ ‘ಐದು ವರ್ಷದಿಂದ ಇಲ್ಲಿ ಇದ್ದೇನೆ’ ಅನ್ನಲು ವರ್ತಮಾನ ಕಾಲವೇ ಸಾಕು. ಆ ದೇಶದವರೂ ಇಂಗ್ಲಿಷ್ ಕಲಿಯುವಾಗ ಇಲ್ಲೇ ಎಡವುತ್ತಾರೆ. ‘ಸಿನ್ಸ್’, ‘ಫಾರ್’ ಗೊಂದಲಕ್ಕೂ ಇದೇ ‘ಇಂದ’ ಕಾರಣ. 2021ರಿಂದ ಅಂದರೂ ‘ಇಂದ’, ಮೂರು ವರ್ಷದಿಂದ ಅಂದರೂ ‘ಇಂದ’. ಇಂಗ್ಲಿಷ್ ಮಾತ್ರ ಎರಡನ್ನೂ ಬೇರೆ ಮಾಡುತ್ತದೆ. ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ತೋರಿಸುವಂತಿದ್ದರೆ ಸಿನ್ಸ್, ಎಣಿಸುವಂತಿದ್ದರೆ ಫಾರ್.

ಇಷ್ಟನ್ನು ಹೇಳಿದೆ. ‘ಹೂಂ’ ಅಂದಳು. ಆ ‘ಹೂಂ’ನಲ್ಲಿ ಏನೂ ಇಳಿದಿರಲಿಲ್ಲ. ಶಾಲೆಯಲ್ಲಿ ನಮಗೆಲ್ಲ ಇದನ್ನು ಕಲಿಸಿದ್ದು ಗಣಿತದ ಸೂತ್ರದ ಹಾಗೆ: ಸಬ್ಜೆಕ್ಟ್ ಪ್ಲಸ್ ಹ್ಯಾವ್ ಪ್ಲಸ್ ಬೀನ್ ಪ್ಲಸ್ ಇಂಗ್ ಫಾರ್ಮ್. ಎದುರಿಗೆ ಕನ್ನಡ ಅರ್ಥ ‘ಮಾಡುತ್ತಲಿದ್ದೇನೆ’. ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಇಡೀ ದಿನ ನಿಂತರೂ ‘ಮಾಡುತ್ತಲಿದ್ದೇನೆ’ ಅನ್ನುವ ಮನುಷ್ಯ ಸಿಗುವುದಿಲ್ಲ. ಗೊತ್ತಿಲ್ಲದ ಇಂಗ್ಲಿಷಿಗೆ, ಆಡದ ಕನ್ನಡದಲ್ಲಿ ಅರ್ಥ. ಇಳಿಯುವುದು ಹೇಗೆ?

ಆಗ ಚಿಗವ್ವ ಹಿಂದಿನಿಂದ ಮಾತಾಡುವುದು ಫೋನಿನಲ್ಲಿ ಕೇಳಿಸಿತು. ಚಿಗವ್ವ ಹೊಲಗಳಲ್ಲಿ ಕ್ರಾಸಿಂಗ್ ಮಾಡುವವಳು. ಸಂಜೆ ಹೂವಿನ ಗಂಡುಭಾಗ ಕಿತ್ತು, ಮರುದಿನ ಮುಂಜಾನೆ ಬೇರೆ ಹೂವಿನ ಪರಾಗ ಹಚ್ಚುವ ಕೆಲಸ. ಯಾರೋ ಹೊಸ ಸೂಪರ್‌ವೈಸರ್ ಹುಡುಗನ ಮೇಲೆ ಸಿಟ್ಟಾಗಿದ್ದಳು. ‘ಇಪ್ಪತ್ತು ವರ್ಷದಿಂದ ಇದನ್ನ ಮಾಡ್ಕೊಂತ ಬಂದೀನಿ, ನನಗ ಹೇಳಾಕ ಬರ್ತಾನ!’

‘ಕೇಳಿದ್ಯಾ? ಅದೇ ನೋಡು ಹ್ಯಾವ್ ಬೀನ್ ಡೂಯಿಂಗ್’ ಅಂದೆ.

ಹೌದಲ್ಲ? ‘ಮಾಡ್ಕೊಂತ’ದಲ್ಲಿ ಇಂಗ್ ಇದೆ, ‘ಬಂದೀನಿ’ಯಲ್ಲಿ ಹ್ಯಾವ್ ಬೀನ್ ಇದೆ. ಅಲ್ಲಿಂದ ಇಲ್ಲಿಯವರೆಗೆ ನಡೆದು ಬಂದ ಕೆಲಸ, ಇನ್ನೂ ನಿಂತಿಲ್ಲ. ನನ್ನ ತಂಗಿಗೆ ನಗು ಬಂತು. ‘ಇದು ನಮ್ಮವ್ವ ಆಡೋ ಮಾತು ಅಲ್ಲನಕ್ಕಾ, ಇದು ಗ್ರಾಮರ್ ಹೆಂಗ ಆಕ್ಕೈತಿ?’ ಅಂದಳು. ಆ ಮಾತು ನನಗೆ ಕೆಟ್ಟದೆನಿಸಿತು, ಅವಳ ಮೇಲಲ್ಲ. ನಮ್ಮ ಮನೆಮಾತಿಗೂ ವ್ಯಾಕರಣ ಇದೆ ಅಂತ ನಮಗೆ ಯಾರೂ ಹೇಳಿಯೇ ಇಲ್ಲ.

ಹಾಗೆ ನೋಡಿದರೆ ಎರಡೂ ಭಾಷೆ ಬಲ್ಲ ದೊಡ್ಡವರು ನಮ್ಮ ಜಿಲ್ಲೆಯ ನೆಲದಲ್ಲೇ ಹುಟ್ಟಿದ್ದಾರೆ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿದ ಇಂಗ್ಲಿಷ್ ಪ್ರಾಧ್ಯಾಪಕರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಿ ಅಂದ ವರದಿಯೂ ಅವರ ಹೆಸರಿನದೇ. ಅದರ ಜಾರಿಗಾಗಿಯೇ 1982ರಲ್ಲಿ ಅಷ್ಟು ದೊಡ್ಡ ಚಳವಳಿ ನಡೆಯಿತು. ಒಂದು ಭಾಷೆ ಬರಬೇಕಾದರೆ ಇನ್ನೊಂದನ್ನು ಹೊರಗಿಡಬೇಕು ಅನ್ನುವವರಿಗೆ ನಾನು ಅವರ ಹೆಸರನ್ನೇ ಹೇಳುತ್ತೇನೆ.

ಆಮೇಲೆ ಒಂದು ತಿಂಗಳು ರಾತ್ರಿ ಒಂಬತ್ತಕ್ಕೆ ನಮ್ಮ ಕ್ಲಾಸು. ಉದಾಹರಣೆಗಳೆಲ್ಲ ನಮ್ಮ ಊರಿನವು. ‘ಹಾವೇರಿ ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್ ಸಿನ್ಸ್ 1997’: ಆಗ ಆಯಿತು, ಈಗಲೂ ಇದೆ. ‘ಬ್ಯಾಡಗಿ ಚಿಲ್ಲಿ ಗಾಟ್ ದ ಜಿಐ ಟ್ಯಾಗ್ ಇನ್ 2011’: ಇಲ್ಲಿ ಹ್ಯಾವ್ ಬೇಡ, ಸಿಕ್ಕಿದ್ದು ಆ ವರ್ಷ ಒಂದೇ ಸಲ. ನಮ್ಮಪ್ಪ ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಅವರನ್ನೂ ಎಳೆದು ತಂದೆವು: ‘ಹಿ ಹ್ಯಾಸ್ ಬೀನ್ ರೈಟಿಂಗ್ ಅಕೌಂಟ್ಸ್ ಫಾರ್ ಟ್ವೆಂಟಿ ಎಯ್ಟ್ ಇಯರ್ಸ್.’ ‘ಸೀನ್ಕೊಂತ ಬರದಾರ ಅಂತ್ಲೂ ಸೇರಸು’ ಅಂದಳು ತಂಗಿ. ಮೆಣಸಿನಕಾಯಿ ಸೀಸನ್ನಿನಲ್ಲಿ ಆ ಬಜಾರಿಗೆ ಕಾಲಿಟ್ಟವರಿಗೆ ಈ ಜೋಕು ಅರ್ಥವಾಗುತ್ತೆ.

ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೋಗುವ ಮಾತು. ‘ಅಪ್ಪ ಹಾವೇರಿಗೆ ಹೋಗ್ಯಾನ’ ಅಂದರೆ ‘ಹ್ಯಾಸ್ ಗಾನ್’, ಇನ್ನೂ ಮನೆಗೆ ಬಂದಿಲ್ಲ. ‘ನಾ ಹಾವೇರಿಗೆ ಹೋಗಿ ಬಂದೀನಿ’ ಅಂದರೆ ‘ಹ್ಯಾವ್ ಬೀನ್ ಟು’. ಇದಕ್ಕೂ ಅದೇ ‘ಬಂದೀನಿ’ ನೋಡಿ.

ಎಲ್ಲ ಕಡೆ ‘ಬಂದೀನಿ’ ನಡೆಯೋದಿಲ್ಲ. ‘ಮುಂಜಾನಿಂದ ಮಳಿ ಸುರಿಯಾಕತ್ತೈತಿ’ ಅನ್ನುತ್ತೇವೆ, ‘ಸುರ್ಕೊಂತ ಬಂದೈತಿ’ ಅನ್ನೋದಿಲ್ಲ. ಬರೀ ‘ಸುರಿಯಾಕತ್ತೈತಿ’ ಅಂದರೆ ಈಸ್ ರೇನಿಂಗ್ ಸಾಕು, ಹಿಂದೆ ‘ಮುಂಜಾನಿಂದ’ ಬಂದರೆ ಹ್ಯಾಸ್ ಬೀನ್ ರೇನಿಂಗ್. ವಾಕ್ಯದಲ್ಲಿ ಹೊತ್ತಿಗೋ ವರ್ಷಕ್ಕೋ ‘ಇಂದ’ ಅಂಟಿದ್ದು ಕಂಡರೆ ಆ್ಯಮ್, ಈಸ್ ಕಡೆ ಹೋಗಬೇಡ ಅಂದೆ. ಇನ್ನು ‘ಗೊತ್ತು’ ತರದವು ಎರಡೂ ಭಾಷೆಯಲ್ಲಿ ಹಟಮಾರಿ. ‘ಹತ್ತು ವರ್ಷದಿಂದ ಗೊತ್ತು’ ಅಂದರೆ ‘ಹ್ಯಾವ್ ನೋನ್’ ಅಷ್ಟೆ, ಅದಕ್ಕೆ ಇಂಗ್ ಹತ್ತೋದಿಲ್ಲ.

ಈ ಸಲದ ಇಂಟರ್‌ವ್ಯೂ ಹುಬ್ಬಳ್ಳಿಯಲ್ಲಿ, ಎದುರಾ ಎದುರು. ‘ಐ ಹ್ಯಾವ್ ಬೀನ್ ಟೆಸ್ಟಿಂಗ್ ಸೀಡ್ಸ್ ಫಾರ್ ಫೋರ್ ಇಯರ್ಸ್’ ಅಂತ ಶುರು ಮಾಡಿದಳಂತೆ. ಅದರ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಅರ್ಧ ಗಂಟೆ ಪೂರ್ತಿ ಮೊಳಕೆ, ತೇವಾಂಶ, ಬೀಜಕ್ಕೆ ಹತ್ತುವ ಬೂಷ್ಟಿನ ಮಾತೇ. ಅವೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು.

ತಿಳಿಸುತ್ತೇವೆ ಅಂದಿದ್ದಾರೆ. ನಿನ್ನೆ ಚಿಗವ್ವನಿಗೆ ಫೋನ್ ಮಾಡಿ ವಿಚಾರಿಸಿದೆ. ‘ಇನ್ನೂ ಏನೂ ಬಂದಿಲ್ಲವಾ. ಹದಿನೈದು ದಿನದಿಂದ ಆ ಫೋನ್ ನೋಡ್ಕೊಂತ ಕುಂತಾಳ’ ಅಂದಳು.