ನೀರಿನಡಿಯಿಂದ ಮೇಲಕ್ಕೊಂದು ತಂತಿ

ಕಂಬದೂರಿನವರಾದ ನಮಗೂ ಕಡಲಿಗೂ ಎಲ್ಲಿಯ ಸಂಬಂಧವೆಂದು ವಾಚಕರು ಕೇಳಬಹುದು. ಮಳೆಯ ಹಾದಿ ಕಾಯುವ ಅನಂತಪುರ ಜಿಲ್ಲೆ ನಮ್ಮದು. ಕಡಲೆಕಾಯಿಯ ಹೊಲವನ್ನು ಬಲ್ಲೆವು, ಕಡಲನ್ನರಿಯೆವು. ಆದರೂ ಜಲಾಂತರ್ಗಾಮಿಯ ಒಂದು ಕಷ್ಟ ನಮಗೆ ಬೇಗ ಅರ್ಥವಾಗುತ್ತದೆ. ಏಕೆಂದರೆ ನಾವು ಬಾವಿಗಳ ನಾಡಿನವರು.

ಬಾವಿಯ ಹೂಳು ತೆಗೆಯಲು ಒಬ್ಬನು ಇಳಿದರೆ ಇನ್ನೊಬ್ಬನು ಮೇಲೆ ಹಗ್ಗ ಹಿಡಿದು ನಿಲ್ಲುತ್ತಾನೆ. ಕೂಗು ಕೇಳಿಸದಿದ್ದರೂ ಹಗ್ಗ ಜಗ್ಗಿದ್ದು ತಿಳಿಯುತ್ತದೆ. ಕಡಲಿನಲ್ಲಿ ಮುಳುಗಿದವರಿಗೂ ಇಂಥದೊಂದು ಆಸರೆ ಬೇಕು.

ಉಪ್ಪುನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಆದ್ದರಿಂದಲೇ ಅದು ರೇಡಿಯೋ ಅಲೆಗಳನ್ನು ನುಂಗಿಬಿಡುತ್ತದೆ. ಮೊಬೈಲ್ ಫೋನಿನ ಅಲೆ ಒಂದು ಗೇಣು ಕಡಲನೀರನ್ನೂ ದಾಟಲಾರದು. ಅತಿ ಕಡಿಮೆ ಆವರ್ತದ ಅಲೆಗಳು ಮಾತ್ರ ಸುಮಾರು 10-20 ಮೀಟರ್ ಆಳಕ್ಕೆ ಇಳಿಯಬಲ್ಲವು. ಅಂಥ ಅಲೆಗಳನ್ನು ಕಳುಹಿಸಲೆಂದೇ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿ ನಮ್ಮ ನೌಕಾಪಡೆಯ ಕಟ್ಟಬೊಮ್ಮನ್ ಕೇಂದ್ರವಿದೆ. ಅದಕ್ಕೆ ಬೇಕಾದ ಭಾರಿ ಕಂಬಗಳನ್ನು ಜಲಾಂತರ್ಗಾಮಿ ಹೊರಲಾರದು. ಹೀಗಾಗಿ ಅದು ಕೇಳಿಸಿಕೊಳ್ಳಬಹುದೇ ಹೊರತು ಅದೇ ಅಲೆಯಲ್ಲಿ ಉತ್ತರ ಕೊಡುವಂತಿಲ್ಲ.

ಒಬ್ಬಿಬ್ಬರು ಕೂರುವ ಖಾಸಗಿ ಪುಟ್ಟ ಜಲಾಂತರ್ಗಾಮಿಗೆ ಇದಕ್ಕಿಂತ ಸುಲಭವಾದ ಉಪಾಯವೊಂದುಂಟು. ಈಜು ಕಲಿಯುವ ಹುಡುಗನ ಬೆನ್ನಿಗೆ ಸೋರೆಬುರುಡೆ ಕಟ್ಟುವುದಿಲ್ಲವೇ? ಹಾಗೆಯೇ ತಂತಿಯ ತುದಿಗೊಂದು ತೇಲುಬುರುಡೆ ಕಟ್ಟಿ, ಅದರ ಮೇಲೆ ಆಂಟೆನಾ ನಿಲ್ಲಿಸಿ, ಹಿಂದೆ ಎಳೆದುಕೊಂಡು ಹೋಗುವುದು. ನಾವಿರುವುದು ನೀರಿನೊಳಗೆ, ನಮ್ಮ ಕಿವಿ ಮತ್ತು ಬಾಯಿ ಗಾಳಿಯಲ್ಲಿ!

ಕೇಳಲು ಸುಲಭ, ಮಾಡಲು ಕಷ್ಟ. ಇದನ್ನು ನಾವು ಸಿಮೆಂಟಿನ ತೊಟ್ಟಿಯೊಂದರಲ್ಲಿ ಪರೀಕ್ಷಿಸಿದೆವು. ಕಲ್ಲಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ಬಿರಡೆ ಬಿಗಿದ ಔಷಧದ ಸೀಸೆ ಕಟ್ಟಿ, ಕಲ್ಲನ್ನು ತಳದಲ್ಲಿ ಎಳೆದೆವು. ಮೆಲ್ಲಗೆ ಎಳೆದಾಗ ಸೀಸೆ ತೇಲಿತು. ಜೋರಾಗಿ ಎಳೆದೊಡನೆ ದಾರ ಓರೆಯಾಗಿ ಸೀಸೆ ಮುಳುಗಿತು. ದಾರವನ್ನು ಉದ್ದ ಮಾಡಿದಾಗ ಮತ್ತೆ ತೇಲಿತು. ಕಡಲಿನಲ್ಲಿಯೂ ಇದೇ ನಿಯಮ. ಆದರೆ ತಂತಿ ಉದ್ದವಾದಷ್ಟೂ ನೀರಿನ ಎಳೆತ ಹೆಚ್ಚುತ್ತದೆ, ರೇಡಿಯೋ ಸಂಕೇತ ದುರ್ಬಲವಾಗುತ್ತದೆ, ತಂತಿ ತನ್ನದೇ ದೋಣಿಯ ಚಕ್ರಕ್ಕೋ ಬೆಸ್ತರ ಬಲೆಗೋ ಸುತ್ತಿಕೊಳ್ಳುವ ಭಯವಿರುತ್ತದೆ. ಆದ್ದರಿಂದ ರೇಡಿಯೋ ಯಂತ್ರವನ್ನು ಬುರುಡೆಯೊಳಗೇ ಇಡುವುದು, ಬಲವಾಗಿ ಸಿಕ್ಕಿಕೊಂಡರೆ ತಾನಾಗಿ ಕಡಿದುಹೋಗುವಂಥ ಒಂದು ಮೃದು ಕೊಂಡಿ ಇಡುವುದು ಜಾಣತನ. ಬುರುಡೆ ಹೋದರೆ ಹೋಗಲಿ, ಪ್ರಾಣ ಉಳಿಯಬೇಕು.

ಇದು ಬರಿಯ ಆಟದ ಮಾತಲ್ಲ. 2000ನೆಯ ಇಸವಿ ಆಗಸ್ಟ್ 12ರಂದು ರಷ್ಯದ ಕೂರ್ಸ್ಕ್ ಎಂಬ ಜಲಾಂತರ್ಗಾಮಿ ಸ್ಫೋಟಗೊಂಡು ಬ್ಯಾರೆಂಟ್ಸ್ ಸಮುದ್ರದ ತಳ ಸೇರಿತು. ಅಪಾಯದಲ್ಲಿ ಕಳಚಿಕೊಂಡು ಮೇಲೇರಬೇಕಾಗಿದ್ದ ಅದರ ತೇಲುಬುರುಡೆ ಮೇಲೆ ಬರಲೇ ಇಲ್ಲ. 23 ಮಂದಿ ಹಿಂಬದಿಯ ಕೋಣೆಯಲ್ಲಿ ಇನ್ನೂ ಬದುಕಿದ್ದರೆಂಬುದು ಅವರಲ್ಲೊಬ್ಬ ಅಧಿಕಾರಿ ಬರೆದಿಟ್ಟ ಚೀಟಿಯಿಂದ ಆಮೇಲೆ ತಿಳಿಯಿತು. ಒಟ್ಟು 118 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ನಮ್ಮ ಆಂಧ್ರದ ವಿಶಾಖಪಟ್ಟಣದ ಕಡಲತೀರದಲ್ಲಿ ಕುರ್ಸುರಾ ಜಲಾಂತರ್ಗಾಮಿ ಇದೆ. 1969ರಿಂದ 2001ರವರೆಗೆ ದೇಶಸೇವೆ ಮಾಡಿದ ಅದು 2002ರಿಂದ ವಸ್ತುಸಂಗ್ರಹಾಲಯವಾಗಿದೆ. ಪ್ರವಾಸ ಹೋಗುವ ಗೆಳೆಯರು ಅದರ ಇಕ್ಕಟ್ಟಾದ ಕೋಣೆಗಳಲ್ಲಿ ಒಂದು ಗಳಿಗೆ ನಿಂತು ನೋಡಲಿ. ಮೇಲಿನವರಿಗೆ ಒಂದು ಮಾತು ಮುಟ್ಟಿಸುವುದು ಎಷ್ಟು ದೊಡ್ಡ ವಿಷಯವೆಂಬುದು ಆಗ ಮನಸ್ಸಿಗೆ ನಾಟೀತು.